ಹಳ್ಳ ಯಾಕೆ ಫೆಬ್ರವರಿಗೇ ಬತ್ತುತ್ತದೆ?

(ಸಾಗರದಲ್ಲಿ ಅಡಿಕೆ ಬೆಳೆಗಾರರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪರಿಸರದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಧ್ರುವದ ಹಿಮ, ದಿಲ್ಲಿಯ ಹೊಗೆ ಅಂತ ಶುರು ಮಾಡಿದರೆ ನೀವು ಊಟಕ್ಕೆ ಇನ್ನೆಷ್ಟು ಹೊತ್ತು ಅಂತ ಗಡಿಯಾರ ನೋಡುತ್ತೀರಿ. ಅದೆಲ್ಲ ಸುಳ್ಳಲ್ಲ. ಆದರೆ ಇವತ್ತು ನಾನು ಮನೆ ಹಿಂದಿನ ಗುಡ್ಡ, ತೋಟದ ಕೆಳಗಿನ ಹಳ್ಳ, ಇವೆರಡನ್ನೇ ಇಟ್ಟುಕೊಂಡು ಮಾತಾಡುತ್ತೇನೆ.

ನಮ್ಮ ಕಡೆ ಮಳೆಗೇನು ಬರವೇ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ. ಹೊಸನಗರ, ಸಾಗರದ ಘಟ್ಟದಂಚಿನ ಊರುಗಳೂ ಏನು ಕಡಿಮೆಯಿಲ್ಲ. ಆಷಾಢದಲ್ಲಿ ಬಟ್ಟೆ ಒಣಗಿಸಲು ಜಾಗ ಸಿಗದ ಊರಿಗೆ ಏಪ್ರಿಲ್‌ನಲ್ಲಿ ಕುಡಿಯುವ ನೀರಿನ ಟ್ಯಾಂಕರ್ ಬರುತ್ತದೆ ಅಂದರೆ, ಮಳೆ ಕೈಕೊಟ್ಟಿತು ಅನ್ನುವ ಒಂದೇ ಮಾತಿನಲ್ಲಿ ಮುಗಿಸೋಕೆ ಆಗುವುದಿಲ್ಲ. ಬಿದ್ದ ಮಳೆ ಎಲ್ಲಿ ಹೋಯಿತು ಅಂತಲೂ ಕೇಳಬೇಕು.

ಇಲ್ಲಿ ಕೂತಿರುವ ಹಿರಿಯರಲ್ಲಿ ಎಷ್ಟೋ ಜನ ಅಬ್ಬಿ ನೀರು ಕುಡಿದು ಬೆಳೆದವರು. ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬಂದ ನೀರು ಬಚ್ಚಲ ಹಂಡೆಗೇ ಬೀಳುತ್ತಿತ್ತು. ಮೋಟಾರಿಲ್ಲ, ಕರೆಂಟಿಲ್ಲ. ಯುಗಾದಿ ಕಳೆದರೂ ಸಣ್ಣದಾಗಿ ಬರುತ್ತಲೇ ಇತ್ತು. ಈಗ ಅದೇ ಮನೆಗಳಲ್ಲಿ ಎರಡೆರಡು ಬೋರ್‌ವೆಲ್. ಒಂದು ಬತ್ತಿದ್ದು, ಇನ್ನೊಂದು ಬತ್ತುತ್ತಾ ಇರುವುದು.

ಮಳೆ ಕಾಡಿನ ಮೇಲೆ ಬಿದ್ದಾಗ ಏನಾಗುತ್ತದೆ ನೋಡಿ. ಎತ್ತರದ ಮರ, ಅದರ ಕೆಳಗೆ ನಡುವಿನ ಮರ, ಅದರ ಕೆಳಗೆ ಪೊದೆ, ಬಳ್ಳಿ. ಹನಿ ನೆಲ ಮುಟ್ಟುವ ಹೊತ್ತಿಗೆ ಅದರ ರಭಸ ಸತ್ತಿರುತ್ತದೆ. ನೆಲದ ಮೇಲೆ ದರಗಿನ, ಅಂದರೆ ಉದುರಿದ ಒಣ ಎಲೆಯ ದಪ್ಪ ಹಾಸು. ಅದರ ಕೆಳಗೆ ಎರೆಹುಳ, ಗೆದ್ದಲು, ಕೊಳೆತ ಬೇರು ಮಾಡಿಟ್ಟ ಲಕ್ಷಾಂತರ ಸಣ್ಣ ತೂತು. ನೀರು ಅವಸರವಿಲ್ಲದೆ ಇಳಿಯುತ್ತದೆ. ಕೆಳಗಿನ ಜಂಬಿಟ್ಟಿಗೆಯ ಪದರದಲ್ಲಿ ತಿಂಗಳುಗಟ್ಟಲೆ ಸರಿದು, ಆಮೇಲೆ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಅಂದರೆ ಫೆಬ್ರವರಿಯಲ್ಲಿ ನಮ್ಮ ಹಳ್ಳದಲ್ಲಿ ಹರಿಯಬೇಕಾದದ್ದು ಜುಲೈ ತಿಂಗಳ ಮಳೆ. ಅದೇ ಗುಡ್ಡದ ಮರ ತೆಗೆದು, ದರಗು ಗುಡಿಸಿ, ದನ, ಜೆಸಿಬಿ ಓಡಾಡಿ ನೆಲ ಗಟ್ಟಿಯಾಯಿತು ಅಂತಿಟ್ಟುಕೊಳ್ಳಿ. ಜುಲೈ ಮಳೆ ಜುಲೈನಲ್ಲೇ ಲಿಂಗನಮಕ್ಕಿ ಜಲಾಶಯ ಸೇರುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ. ಹಳ್ಳ ಕೆಂಪಗೆ ಹರಿದರೆ ಗುಡ್ಡ ಕರಗುತ್ತಿದೆ ಅಂತಲೇ ಲೆಕ್ಕ.

ಇದು ಬರೀ ನಮ್ಮ ಅಜ್ಜಂದಿರ ಅಂದಾಜಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿ ಕಣಿವೆ ಮತ್ತು ಉತ್ತರ ಕನ್ನಡದ ಹಳ್ಳಗಳನ್ನು ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ಒಂದು ಹಳ್ಳಕ್ಕೆ ನೀರು ಕೊಡುವ ಗುಡ್ಡಗಳ ಶೇಕಡಾ 60ಕ್ಕಿಂತ ಹೆಚ್ಚು ಭಾಗದಲ್ಲಿ ಇಲ್ಲಿನದೇ ಜಾತಿಯ ಮರಗಳ ಕಾಡಿದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ. ಕಾಡು ತೆಳುವಾದಂತೆಲ್ಲ ಹರಿಯುವ ತಿಂಗಳು ಕಡಿಮೆಯಾಗುತ್ತದೆ. ‘ಇಲ್ಲಿನದೇ ಜಾತಿಯ ಮರ’ ಅಂದೆನಲ್ಲ, ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಯಾಕೆಂದರೆ ಹೊರಗಿನಿಂದ ಬಂದವರಿಗೆ ಮಲೆನಾಡು ಈಗಲೂ ಹಸಿರೇ. ರೈಲಿನ ಕಿಟಕಿಯಿಂದ ನೋಡಿದರೆ ಆನಂದಪುರದಿಂದ ತಾಳಗುಪ್ಪದವರೆಗೂ ಹಸಿರು. ಆ ಹಸಿರಲ್ಲಿ ಕಾಡೆಷ್ಟು, ಅಕೇಶಿಯಾ ಎಷ್ಟು, ಅಡಿಕೆ ಎಷ್ಟು ಅಂತ ಕಿಟಕಿ ಹೇಳುವುದಿಲ್ಲ. ಬಯಲುಸೀಮೆಯಲ್ಲಿ ಮರ ಹೋದರೆ ಬೋಳು ಕಾಣುತ್ತದೆ, ಜನ ಗಾಬರಿ ಬೀಳುತ್ತಾರೆ. ನಮ್ಮಲ್ಲಿ ಒಂದು ಹಸಿರು ಹೋದ ಜಾಗಕ್ಕೆ ಇನ್ನೊಂದು ಹಸಿರು ಬಂತು. ಗಾಬರಿಯಾಗೋಕೆ ಕಾರಣವೇ ಕಾಣಲಿಲ್ಲ.

ಇದು ಹೇಗಾಯಿತು? ಭದ್ರಾವತಿಯಿಂದ ಶುರು ಮಾಡೋಣ. 1923ರಲ್ಲಿ ಅಲ್ಲಿನ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಉರುವಲು ಇದ್ದಿಲು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರ ಭಟ್ಟಿ ಇಳಿಸುವ ಕೆಲಸವೂ ಸೇರಿತ್ತು. ಆ ಇದ್ದಿಲೆಲ್ಲ ನಮ್ಮ ಕಾಡಿನದ್ದೇ. ಜೋಗದ ಕರೆಂಟು ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಅದಕ್ಕೆ ಬಿದಿರು ಬೇಕಿತ್ತು. ಬಿದಿರು ಸಾಲದಾದಾಗ ನೆಡುತೋಪಿನ ಯೋಚನೆ ಬಂತು. 1980ರಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಕ್ಕೆ ಗುತ್ತಿಗೆ ಕೊಟ್ಟು ನೀಲಗಿರಿ, ಅಕೇಶಿಯಾ ಹಾಕಿದರು. ಆ ಕಾರ್ಖಾನೆಗಳು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು, ಅದನ್ನು ಮರೆತು ಮಾತಾಡಿದರೆ ತಪ್ಪಾಗುತ್ತದೆ. ಆದರೆ ಲೆಕ್ಕ ಪೂರ್ತಿ ಹೇಳಬೇಕಲ್ವಾ? 2015-16ರ ಹೊತ್ತಿಗೆ ಕಾಗದದ ಯಂತ್ರ ನಿಂತಿತು. 2020ರಲ್ಲಿ ಗುತ್ತಿಗೆ ಮುಗಿಯಿತು. ಕಾರ್ಖಾನೆ ಇಲ್ಲ, ತೋಪು ಮಾತ್ರ ಇದೆ. ಅದನ್ನೇ ಮತ್ತೆ 40 ವರ್ಷ ಮುಂದುವರಿಸಲು ಸರ್ಕಾರ ಹೊರಟಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಜಿಲ್ಲೆಯಲ್ಲಿ ಹೋರಾಟ ಶುರುವಾಗಿದ್ದು ಸುಮ್ನೆ ಅಲ್ಲ.

ಅಕೇಶಿಯಾ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರ. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಕೆಟ್ಟ ನೆಲದಲ್ಲೂ ಬದುಕುತ್ತದೆ. ಇಲಾಖೆಗೆ ಬೇರೇನು ಬೇಕು? ಆದರೆ ಒತ್ತೊತ್ತಾಗಿ ನೆಟ್ಟ ಅಕೇಶಿಯಾ ತೋಪು ಮದುವೆಮನೆಯ ಶಾಮಿಯಾನ ಇದ್ದ ಹಾಗೆ. ಮೇಲೆ ನೆರಳಿದೆ, ಕೆಳಗೆ ಬರೀ ನೆಲ. ಅದರ ಎಲೆ ದಪ್ಪ, ಬೇಗ ಕೊಳೆಯುವುದಿಲ್ಲ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿ ತುಂಡಿಗೆ ಹತ್ತಿಕೊಳ್ಳುತ್ತದೆ. ಹಕ್ಕಿಗೆ ಬೇಕಾದ ಹಣ್ಣಿಲ್ಲ, ಮಂಗನಿಗೆ ತಿನ್ನೋಕೆ ಏನೂ ಇಲ್ಲ. ಮಂಗ ತೋಟಕ್ಕೆ ಬರದೆ ಇನ್ನೆಲ್ಲಿಗೆ ಹೋಗಬೇಕು? ಮಂಗನ ಕಾಟ ಅಂತ ನಾವು ಪಂಚಾಯಿತಿಗೆ ಅರ್ಜಿ ಬರೆಯುತ್ತೇವೆ. ಅತ್ತಿ, ಹಲಸು, ನೇರಳೆ ಇದ್ದ ಗುಡ್ಡದಲ್ಲಿ ಈಗ ಏನಿದೆ ಅಂತ ಅದೇ ಅರ್ಜಿಯಲ್ಲಿ ಬರೆಯುವುದಿಲ್ಲ.

ಇನ್ನು ಕಾನು. ಸೊರಬ, ಸಾಗರದ ಕಡೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ದೇವರಿಗೆ ಬಿಟ್ಟ, ಕೊಡಲಿ ಹಾಕದ, ಮೆಣಸಿನ ಬಳ್ಳಿ ತಾನಾಗಿ ಹಬ್ಬಿದ ದಟ್ಟ ಕಾಡು. 1868ರಲ್ಲೇ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಕೊಟ್ಟಿದ್ದರು. ಆಮೇಲೆ ಉತ್ತರ ಕನ್ನಡದಲ್ಲಿದ್ದ ವಿಂಗೇಟ್ ಎಂಬ ಅರಣ್ಯಾಧಿಕಾರಿ, ಕಾನು ಇರುವಲ್ಲಿ ಒರತೆ ಇದೆ, ಬತ್ತದ ಹಳ್ಳ ಇದೆ, ಅದರ ಪಕ್ಕದಲ್ಲೇ ಒಳ್ಳೆಯ ತೋಟ ಇದೆ ಅನ್ನುವ ಅರ್ಥದಲ್ಲಿ ಬರೆದಿಟ್ಟ. ಬ್ರಿಟಿಷರ ಅರಣ್ಯ ನೀತಿಯನ್ನು ಹೊಗಳುವವನಲ್ಲ ನಾನು. ಆದರೆ ತೋಟದ ತಂಪು ಮೇಲಿನ ಕಾನಿನಿಂದ ಬರುತ್ತದೆ ಅಂತ ಆ ಪರದೇಶಿಗೂ ಕಂಡಿತ್ತು.

ಸೊಪ್ಪಿನ ಬೆಟ್ಟದ ವಿಷಯಕ್ಕೆ ಬಂದರೆ ನಿಮಗೆ ಸ್ವಲ್ಪ ಕಸಿವಿಸಿ ಆಗಬಹುದು. ತೋಟಕ್ಕೆ ಸೊಪ್ಪು, ದರಗು ತರಲು ಸರ್ಕಾರ ಬೆಟ್ಟದ ಹಕ್ಕು ಕೊಟ್ಟಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ. ಯಾಕೆ ಅಷ್ಟು? ಒಂದು ಕಡೆ ಕಡಿದರೆ ಇನ್ನೊಂದು ಕಡೆ ಚಿಗುರಲಿ ಅಂತ. ಈಗ ಎಷ್ಟೋ ಬೆಟ್ಟಗಳಲ್ಲಿ ಮರವೆಂದರೆ ತುದಿಯಲ್ಲಿ ನಾಲ್ಕು ಎಲೆ ಇರುವ ಕಂಬ. ಇನ್ನು ಕೆಲವು ಬೆಟ್ಟ ಬೆಟ್ಟವಾಗಿಯೇ ಉಳಿದಿಲ್ಲ. ಜೆಸಿಬಿ ಬಂತು, ಮೆಟ್ಟಿಲು ಮಾಡಿತು, ಅಡಿಕೆ ಸಸಿ ಬಂತು. ಬೆಲೆ ಬಂದಾಗ ತೋಟ ಗುಡ್ಡ ಹತ್ತುವುದು ಮೊದಲಿನಿಂದಲೂ ಇದ್ದದ್ದೇ. ಮೊದಲು ಗುದ್ದಲಿಯಲ್ಲಿ ಹತ್ತಬೇಕಿತ್ತು, ವರ್ಷಗಳು ಹಿಡಿಯುತ್ತಿತ್ತು. ಈಗ ಒಂದು ವಾರ ಸಾಕು. ಹತ್ತಿದ ತೋಟಕ್ಕೆ ನೀರು ಬೇಕು, ಅದಕ್ಕೆ ಬೋರ್. ಆ ಬೋರ್ ಎಳೆಯುವುದು ಕೆಳಗಿನ ಹಳೇ ತೋಟದ ಒರತೆಯನ್ನೇ. ಮೇಲಿನವನು ಅಣ್ಣ, ಕೆಳಗಿನವನು ತಮ್ಮ. ಕೋರ್ಟಿಗೆ ಹೋದ ಎಷ್ಟು ಮನೆ ಬೇಕು?

ಗದ್ದೆಯನ್ನು ತೋಟ ಮಾಡಿದ್ದೂ ಇದರ ಜೊತೆ ಸೇರಿಸಿಕೊಳ್ಳಿ. ಗದ್ದೆಯಲ್ಲಿ ಮೂರು ನಾಲ್ಕು ತಿಂಗಳು ನೀರು ನಿಂತು ಇಂಗುತ್ತಿತ್ತು. ಮೊದಲ ಮಳೆಗೆ ನೀರಿಗೆದುರಾಗಿ ಹತ್ತುವ ‘ಹತ್ತುಮೀನು’ ಹಳ್ಳದಿಂದ ಗದ್ದೆಗೆ ಏರಿ ಮೊಟ್ಟೆ ಇಡುತ್ತಿತ್ತು. ತೋಟಕ್ಕೆ ನೀರು ನಿಲ್ಲಬಾರದು, ಬಸಿಗಾಲುವೆ ತೋಡಿ ಹೊರಗೆ ಹಾಕುತ್ತೇವೆ. ಉಳಿದ ಗದ್ದೆ ಶುಂಠಿಗೆ ಗುತ್ತಿಗೆ ಹೋಯಿತು. ಶುಂಠಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವುದಿಲ್ಲ, ಕೊಳೆ ರೋಗ ಹಿಡಿಯುತ್ತದೆ. ಆದ್ದರಿಂದ ಬೆಳೆದವರು ಔಷಧಿ ಸುರಿದು, ಹಣ ಎತ್ತಿ, ಮುಂದಿನ ಜಾಗಕ್ಕೆ ಹೋಗುತ್ತಾರೆ. ನೆಲ ನಮ್ಮ ಹತ್ತಿರ ಉಳಿಯುತ್ತದೆ. ಕಳೆನಾಶಕ, ಮೈಲುತುತ್ತ, ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ, ಇವುಗಳ ಬಗ್ಗೆ ಬೇರೆ ಉಪನ್ಯಾಸವೇ ಬೇಕು. ಒಂದು ಮಾತು ಮಾತ್ರ ಹೇಳುತ್ತೇನೆ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣದ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ವರ್ಷ ವರ್ಷ ಹೊಡೆದದ್ದು ತೋಟದ ಮಣ್ಣಿನಲ್ಲಿ ಸೇರುತ್ತಲೇ ಇರುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯದೇ ಇರೋಕೆ ಆಗುವುದಿಲ್ಲ ಸರಿ, ಆದರೆ ಉಳಿದ ದ್ರಾವಣವನ್ನು, ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಬಿಡದೇ ಇರೋಕೆ ಆಗುತ್ತದೆ.

ಕಾಡಿನ ಅಂಚು ಕದಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಪಾಠ ಬೇರೆಲ್ಲೂ ಇಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಇವತ್ತಿಗೂ ಅದು ಕ್ಯಾಸನೂರು ಕಾಡಿನ ಕಾಯಿಲೆ. ವೈರಸ್ಸು ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯಿಂದ. ಕಾಡಿನ ಒಳಗೆ ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳ ನಡುವೆ ಅದು ತನ್ನ ಪಾಡಿಗೆ ಇತ್ತು. ಕಾಡು ಕಡಿದು ಸಾಗುವಳಿ ಮಾಡಿದಾಗ, ದನ ಮೇಯಲು ಅಂಚಿಗೆ ಹೋದಾಗ ಉಣುಗಿಗೆ ಹೊಸ ಆಸರೆ ಸಿಕ್ಕಿತು. ದನದ ರಕ್ತ ಕುಡಿದು ಉಣುಗು ಹೆಚ್ಚಿತು, ದನದ ಮೈಯೇರಿ ಊರಂಚಿಗೂ ಬಂತು. ಸೊಪ್ಪಿಗೆ, ದರಗಿಗೆ, ಸೌದೆಗೆ ಹೋಗುವುದು ಚಳಿಗಾಲ, ಬೇಸಿಗೆಯಲ್ಲಿ. ಮರಿ ಉಣುಗು ಜಾಸ್ತಿ ಇರುವುದೂ ಆಗಲೇ. 2018-19ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತದ್ದು ನಿಮಗೆಲ್ಲ ಗೊತ್ತು. ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಿ ಅಂತ ಆರೋಗ್ಯ ಕೇಂದ್ರದವರು ಹೇಳುತ್ತಾರೆ, ಹಚ್ಚಿಕೊಳ್ಳಿ. ಆದರೆ ಹಚ್ಚಿಕೊಳ್ಳಬೇಕಾದ ಪರಿಸ್ಥಿತಿ ಹೇಗೆ ಬಂತು ಅನ್ನುವುದೂ ತಿಳಿದಿರಲಿ.

ಎಲ್ಲವನ್ನೂ ಬೆಳೆಗಾರನ ತಲೆಗೆ ಕಟ್ಟುತ್ತಿದ್ದೀರಿ ಅಂತ ನೀವು ಅಂದುಕೊಳ್ಳುವ ಮುಂಚೆ ಅಣೆಕಟ್ಟಿನ ಮಾತು ಹೇಳಿಬಿಡುತ್ತೇನೆ. ಲಿಂಗನಮಕ್ಕಿ ಮುಗಿದಿದ್ದು 1964ರಲ್ಲಿ. ಅದಕ್ಕೂ ಮುಂಚಿನ ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿತು. ಊರು ಮುಳುಗಿತು, ಗದ್ದೆ ಮುಳುಗಿತು, ಕಾಡು ಮುಳುಗಿತು. ಮುಳುಗಡೆಯವರನ್ನು ಕರೆದುಕೊಂಡು ಹೋಗಿ ಬಿಟ್ಟದ್ದು ಇನ್ನೊಂದು ಕಾಡಿಗೆ. ಅವರು ಅಲ್ಲಿ ಕಾಡು ಕಡಿದು ಬದುಕು ಕಟ್ಟಿಕೊಂಡರು. ಈಗ ಅವರ ಮಕ್ಕಳಿಗೆ ‘ನೀವು ಅರಣ್ಯ ಒತ್ತುವರಿದಾರರು’ ಅಂತ ನೋಟಿಸು. 60 ವರ್ಷ ಆದರೂ ಹಕ್ಕುಪತ್ರದ ರಗಳೆ ಮುಗಿದಿಲ್ಲ. ಆ ನೀರಿನಿಂದ ಇಡೀ ರಾಜ್ಯಕ್ಕೆ 1035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ನಡೆಯಿತು. ಪರಿಸರಕ್ಕಾದ ನಷ್ಟ ಮತ್ತು ಜನರಿಗಾದ ಅನ್ಯಾಯ ಬೇರೆ ಬೇರೆ ಅಂದುಕೊಂಡರೆ ಶರಾವತಿಯ ಕಥೆ ಅರ್ಥವಾಗುವುದಿಲ್ಲ.

2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜುಲೈನಲ್ಲಿ ಜಿಲ್ಲೆಗೆ ಜಿಲ್ಲೆಯೇ ಬಂದ್ ಮಾಡಿತು. ಈಗ ತಲಕಳಲೆ ಮತ್ತು ಗೇರುಸೊಪ್ಪೆಯ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಎದುರಿಗಿದೆ. ಕರೆಂಟು ಮಿಕ್ಕಾಗ ಕೆಳಗಿನ ನೀರನ್ನು ಮೇಲೆತ್ತಿ, ಬೇಕಾದಾಗ ಬಿಟ್ಟು ವಿದ್ಯುತ್ ಮಾಡುವುದು. ಎತ್ತೋಕೆ ಹಿಡಿಯುವ ಕರೆಂಟು, ಆಮೇಲೆ ಸಿಗುವುದಕ್ಕಿಂತ ಜಾಸ್ತಿ. ಅದೊಂದೇ ಕಾರಣಕ್ಕೆ ತಪ್ಪು ಅಂತ ಹೇಳಲಾರೆ, ಸೌರ ವಿದ್ಯುತ್ತನ್ನು ರಾತ್ರಿಗೆ ಇಟ್ಟುಕೊಳ್ಳಲು ಇಂಥ ಉಪಾಯ ಬೇಕು. ತಕರಾರು ಜಾಗದ್ದು. ಅದು ಸಿಂಗಳೀಕನ ಅಭಯಾರಣ್ಯ. ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ, ಮರದಿಂದ ಮರಕ್ಕೆ ಹೋಗುವ ಪ್ರಾಣಿ. ನಡುವೆ ಅಗಲವಾದ ರಸ್ತೆ ಬಂದರೆ ಅದಕ್ಕೆ ಗೋಡೆ ಕಟ್ಟಿದಷ್ಟೇ. ಮಳೆಗಾಲದಲ್ಲಿ ಕುಸಿಯುವ ಕಣಿವೆಯಲ್ಲಿ ಸುರಂಗ ಕೊರೆಯುವುದು ಬೇರೆ. ಇದನ್ನು ಬೇರೆ ಕಡೆ ಮಾಡಬಹುದು, ಇಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪೇಟೆಯವರನ್ನೂ ಬಿಡುವ ಹಾಗಿಲ್ಲ. ತುಂಗಾಪಾನ ಅಂತ ಗಾದೆ ಮಾಡಿದ ಜಿಲ್ಲೆಯ ಶಿವಮೊಗ್ಗದಲ್ಲೇ ಚರಂಡಿ ನೀರು ತುಂಗೆಗೆ ಸೇರುತ್ತಿದೆ. ಕಲ್ಲು ಕ್ವಾರಿಗಳ ಕಥೆ 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಸ್ಫೋಟವಾದಾಗ ರಾಜ್ಯಕ್ಕೆಲ್ಲ ಕೇಳಿಸಿತು. ಪಕ್ಕದ ಜಿಲ್ಲೆಯವರೂ ಭೂಕಂಪ ಅಂತ ಮನೆಯಿಂದ ಹೊರಗೆ ಬಂದಿದ್ದರು.

ಹಾಗಾದರೆ ಏನು ಮಾಡೋಣ? ಜೂನ್ 5ಕ್ಕೆ ಸಸಿ ನೆಡೋಣ ಅನ್ನುವುದು ನಮ್ಮ ಕೈಗೆ ಸುಲಭವಾಗಿ ಸಿಗುವ ಉತ್ತರ. ನೆಡಿ, ಬೇಡ ಅನ್ನುವುದಿಲ್ಲ. ಆದರೆ ಮಲೆನಾಡಿಗೆ ಬೇಕಾದ್ದು ಮುಖ್ಯವಾಗಿ ಅದಲ್ಲ. ಇಷ್ಟು ಮಳೆ ಬೀಳುವ ಜಾಗದಲ್ಲಿ ಕಾಡನ್ನು ಬೆಂಕಿಯಿಂದ, ದನದಿಂದ, ಕತ್ತಿಯಿಂದ ಕೆಲವು ವರ್ಷ ಕಾದರೆ ಅದು ತಾನೇ ಏಳುತ್ತದೆ. ಬುಡದಲ್ಲಿ ಮೊಳಕೆ ಇದೆ, ಪಕ್ಕದ ಕಾನಿನಿಂದ ಬೀಜ ತರುವ ಹಕ್ಕಿ ಇದೆ. ಆದ್ದರಿಂದ ಗುಡ್ಡದ ನೆತ್ತಿ ಮತ್ತು ಹಳ್ಳದ ಮೂಲ, ಇವೆರಡನ್ನು ಮಾತ್ರ ಮುಟ್ಟುವುದಿಲ್ಲ ಅಂತ ಒಂದೊಂದು ಊರು ತೀರ್ಮಾನ ಮಾಡಲಿ. ಜನವರಿಯಲ್ಲಿ ಬೆಂಕಿ ರೇಖೆ ಮಾಡಿ. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಸೊಪ್ಪು ಕಡಿಯಿರಿ. ಮರದ ಮೇಲಿನ ಮೂರನೇ ಒಂದು ಭಾಗ ಬಿಡಿ.

ಇಂಗುಗುಂಡಿ ವಿಷಯದಲ್ಲಿ ಒಂದು ಎಚ್ಚರಿಕೆ. ಬಯಲುಸೀಮೆಗೆ ಒಳ್ಳೆಯದಾದದ್ದೆಲ್ಲ ನಮಗೆ ಒಳ್ಳೆಯದಲ್ಲ. ಕಡಿದಾದ ಗುಡ್ಡದಲ್ಲಿ, ಮೇಲೆ ಜಂಬಿಟ್ಟಿಗೆ ಕೆಳಗೆ ಜೇಡಿ ಇರುವಲ್ಲಿ ಸಾಲಾಗಿ ಗುಂಡಿ ತೋಡಿದರೆ ನೀರು ಒಳಗೆ ತುಂಬಿ ಗುಡ್ಡವೇ ಜಾರಬಹುದು. ಅಲ್ಲಿ ನೀರಿಂಗಿಸುವ ಕೆಲಸ ಮರದ ಬೇರಿಗೆ ಬಿಡಿ. ಗುಂಡಿ, ಕೆರೆ ಏನಿದ್ದರೂ ಇಳಿಜಾರು ಮುಗಿದ ಸಮತಟ್ಟಿನಲ್ಲಿ. ಹೂಳು ತುಂಬಿದ ಹಳೇ ಕೆರೆ ಪ್ರತಿ ಊರಲ್ಲೂ ಇದೆ, ಹೊಸದು ತೋಡುವ ಮುಂಚೆ ಅದನ್ನು ನೋಡಿ.

ಜನ ಪಟ್ಟು ಹಿಡಿದರೂ ಏನೂ ಆಗುವುದಿಲ್ಲ ಅನ್ನುವವರಿಗೆ ಮೂರು ಹೆಸರು ಹೇಳುತ್ತೇನೆ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಊರವರು ಮರ ತಬ್ಬಿ ನಿಂತರು, ಅಪ್ಪಿಕೋ ಶುರುವಾಯಿತು. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ನಿಂತಿತು. ನಮ್ಮ ಜಿಲ್ಲೆಯ ಅಂಬಾರಗುಡ್ಡದಲ್ಲಿ ಗಣಿ ನಿಲ್ಲಿಸಿದ್ದು ಊರಿನ ಜನ, ಇವತ್ತು ಅದು ಪಾರಂಪರಿಕ ಜೀವವೈವಿಧ್ಯ ತಾಣ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ನಿಮ್ಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಪಿಡಿಒ ಮುಖ ನೋಡೋಕೆ ಚೆನ್ನಾಗಿರುತ್ತದೆ.

ಮಾತು ಮುಗಿದ ಮೇಲೆ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸುತ್ತೇನೆ.

ಹಿಂದಿನ ಸಾಲಿನ ಯುವಕರೊಬ್ಬರು, ‘ಸಾರ್, ಅಕೇಶಿಯಾ ಎಲ್ಲ ಒಂದೇ ಸಲ ಕಡಿಸಿಬಿಟ್ಟರೆ ಆಗಲ್ವಾ?’ ಅಂದರು. ಹಾಗೆ ಮಾಡಲೇಬಾರದು. ಒಮ್ಮೆಲೇ ಬೋಳು ಮಾಡಿದರೆ ಮುಂದಿನ ಮಳೆಗೆ ಮಣ್ಣೆಲ್ಲ ಹಳ್ಳ ಸೇರುತ್ತದೆ, ಬಿಸಿಲು ಬಿದ್ದ ಜಾಗದಲ್ಲಿ ಅಕೇಶಿಯಾ ಬೀಜವೇ ಮತ್ತೆ ಮೊಳೆಯುತ್ತದೆ. ಹಳೇ ತೋಪಿನ ಕೆಳಗೆ, ಹತ್ತಿರ ಕಾಡಿದ್ದರೆ, ನಮ್ಮ ಜಾತಿಯ ಸಸಿಗಳು ಬಂದಿರುತ್ತವೆ. ಅವನ್ನು ಗುರುತು ಮಾಡಿಕೊಂಡು, ಅವುಗಳ ಮೇಲಿನ ಅಕೇಶಿಯಾವನ್ನು ಮಾತ್ರ ಹಂತ ಹಂತವಾಗಿ ತೆಗೆಯಬೇಕು. ಕಡಿದ ಜಾಗದಲ್ಲಿ ಮತ್ತೆ ಅದನ್ನೇ ನೆಡಬಾರದು.

ಒಬ್ಬ ತಾಯಿ, ‘ಬೆಟ್ಟ ಬಿಡಿ ಅಂತೀರಿ, ಅಡಿಕೆ ಬೇಯಿಸೋಕೆ ಸೌದೆ ಎಲ್ಲಿಂದ ತರೋದು?’ ಅಂತ ಕೇಳಿದರು. ಇಡೀ ಸಭೆಯಲ್ಲಿ ಇದಕ್ಕಿಂತ ಒಳ್ಳೆ ಪ್ರಶ್ನೆ ಬರಲಿಲ್ಲ. ಸುಗ್ಗಿಯಲ್ಲಿ ಹಂಡೆಯ ಕೆಳಗೆ ಉರಿಯುವ ಸೌದೆಯಲ್ಲಿ ಬಹುಪಾಲು ಶಾಖ ಬದಿಯಿಂದ ಹೊರಗೇ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಅಡುಗೆಗೆ ಅಸ್ತ್ರ ಒಲೆ ಮಾಡಿದ ಹಾಗೆ, ಅಡಿಕೆ ಬೇಯಿಸುವುದಕ್ಕೂ ಹಂಡೆಯನ್ನು ಸುತ್ತ ಮುಚ್ಚಿ, ಕೆಳಗೆ ಜಾಲರಿ ಇಟ್ಟು, ಹೊಗೆಗೊಳವೆ ಕಟ್ಟಿದ ಒಲೆಗಳಿವೆ. ಸೌದೆ ಎದ್ದು ಕಾಣುವಷ್ಟು ಉಳಿಯುತ್ತದೆ, ಕಣ್ಣೂ ಉರಿಯುವುದಿಲ್ಲ. ಜೊತೆಗೆ ಒಣ ಸೋಗೆ, ಅಡಿಕೆ ಸಿಪ್ಪೆ ಹಾಕಿ ಉರಿಸಬಹುದು. ಕಟ್ಟಿಸುವವರು ಮಳೆ ಹಿಡಿಯುವ ಮುಂಚೆ, ಮೇ ತಿಂಗಳೊಳಗೆ ಕಟ್ಟಿಸಿ. ಮಳೆಗಾಲದಲ್ಲಿ ಕಟ್ಟಿದ ಒಲೆಯ ಮಣ್ಣು ಒಣಗುವುದಿಲ್ಲ, ಮೊದಲ ಕೊಯ್ಲಿನ ಬೆಂಕಿಗೇ ಬಿರುಕು ಬಿಡುತ್ತದೆ.